ಮೊಟ್ಟೆ ಕಡಿಮೆಯಾದರೆ ಮೊದಲು ನೀರು ನೋಡಿ: ಹಿತ್ತಲ ಕೋಳಿಗಳ ನೀರಿನ ದೋಷ ಹುಡುಕುವ ಬಗೆ

ಮೊಟ್ಟೆ ಇದ್ದಕ್ಕಿದ್ದಂತೆ ಕಡಿಮೆಯಾಯಿತು, ಕೋಳಿಗಳು ಮಂಕಾಗಿ ಕೂತಿವೆ, ಜುಟ್ಟು ಬಾಡಿದೆ. ಇಷ್ಟು ಕಂಡರೆ ನಮ್ಮಲ್ಲಿ ಹೆಚ್ಚಿನವರು ಓಡುವುದು ಔಷಧಿ ಅಂಗಡಿಗೆ. ಟಾನಿಕ್ಕು, ಕ್ಯಾಲ್ಸಿಯಂ, ಜಂತುಹುಳದ ಔಷಧಿ ಎಲ್ಲ ಮನೆಗೆ ಬರುತ್ತದೆ. ಅದನ್ನು ಕಲಸುವುದು ಯಾವುದಕ್ಕೆ? ಕುಡಿಯುವ ನೀರಿಗೆ. ಆ ನೀರೇ ಕೋಳಿಯ ಹೊಟ್ಟೆಗೆ ಹೋಗುತ್ತಿಲ್ಲ ಅಂದರೆ ಔಷಧಿ ಮಾತ್ರ ಹೋಗುವುದು ಹೇಗೆ?

ಈ ಬರಹ ಹತ್ತಿಪ್ಪತ್ತು ನಾಟಿ ಕೋಳಿಯನ್ನೋ, ಗಿರಿರಾಜ, ಸ್ವರ್ಣಧಾರಾ ತಳಿಯನ್ನೋ ಹಿತ್ತಲಲ್ಲಿ ಸಾಕಿಕೊಂಡವರಿಗೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ನಮ್ಮ ಕಡೆ ನೀರಿಗೆ ಬರವಿಲ್ಲ. ಆದರೆ ಗುಡ್ಡದಿಂದ ಇಳಿಯುವ ಅಬ್ಬಿ ನೀರಿನ ಒತ್ತಡ, ಬೋರಿನ ಕೆಂಪು, ಮಳೆಗಾಲದ ಕೆಸರು ಇವೆಲ್ಲ ಬಯಲುಸೀಮೆಯ ಫಾರಂ ಪುಸ್ತಕಗಳಲ್ಲಿ ಸಿಗುವ ವಿಷಯ ಅಲ್ಲ.

ಹುಡುಕುವ ದಾರಿ ಒಂದೇ. ಟ್ಯಾಂಕಿನಿಂದ ಶುರು ಮಾಡಬೇಡಿ. ಕೋಳಿಯ ಕೊಕ್ಕಿನಿಂದ ಶುರು ಮಾಡಿ, ಹಿಂದಕ್ಕೆ ಹೋಗಿ.

ಬೋಗುಣಿ ಪರೀಕ್ಷೆ

ಯಾವುದನ್ನೂ ಬಿಚ್ಚುವ ಮೊದಲು ಒಂದು ಅಗಲ ಬೋಗುಣಿಯಲ್ಲಿ ತಣ್ಣಗಿನ, ನೀವೇ ಕುಡಿಯುವ ನೀರು ತುಂಬಿ ಗೂಡಿನ ಒಳಗೆ ಇಡಿ. ದೂರ ನಿಂತು ಹತ್ತು ನಿಮಿಷ ನೋಡಿ. ಕೋಳಿಗಳು ಮುಗಿಬಿದ್ದು, ತಲೆ ಎತ್ತಿ ಎತ್ತಿ ಕುಡಿದರೆ ದೋಷ ನಿಮ್ಮ ಡ್ರಿಂಕರಿನಲ್ಲೋ (ಬಕೆಟ್, ಜಾರ್‌ನಂಥ ಕೋಳಿಗೆ ನೀರು ಕುಡಿಸುವ ಸಾಧನ), ಅದರಲ್ಲಿರುವ ನೀರಿನಲ್ಲೋ ಇದೆ. ಬೋಗುಣಿಯ ಹತ್ತಿರವೂ ಬರಲಿಲ್ಲ ಅಂದರೆ, ಒಂದೋ ಅವು ಬೇರೆಲ್ಲೋ ಕುಡಿದು ಬಂದಿವೆ, ಇಲ್ಲವೇ ಹುಷಾರಿಲ್ಲ.

ಬೇರೆಲ್ಲೋ ಕುಡಿಯುವುದನ್ನು ಸುಮ್ನೆ ಹೇಳಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಅಂಗಳದಲ್ಲಿ ಎಲ್ಲಿ ನೋಡಿದರೂ ನೀರು. ಬಿಟ್ಟು ಸಾಕುವ ಕೋಳಿ ಸೂರಿನ ನೀರು, ಕೊಟ್ಟಿಗೆಯ ಚರಂಡಿ, ಬಾಳೆ ಬುಡದ ಗುಂಡಿ ಎಲ್ಲ ಕಡೆ ಕೊಕ್ಕು ಹಾಕಿ ಬರುತ್ತದೆ. ಬಕೆಟ್ಟಿನ ನೀರು ಇಳಿಯಲಿಲ್ಲ ಎಂದು ಗಾಬರಿಯಾಗುವ ಮೊದಲು ಒಂದು ದಿನ ಗೂಡಿನಲ್ಲೇ ಕೂಡಿ ಅಳೆಯಿರಿ.

ಅಳತೆಗೆ ಒಂದು ಲೆಕ್ಕ ಬೇಕು. ಮೊಟ್ಟೆ ಇಡುವ ಕೋಳಿ ತಿಂದ ಆಹಾರದ ತೂಕದ ಸುಮಾರು ಎರಡರಷ್ಟು ನೀರು ಕುಡಿಯುತ್ತದೆ. ತಂಪಿನ ದಿನದಲ್ಲಿ 200ರಿಂದ 300 ಮಿ.ಲೀ., ಏಪ್ರಿಲ್ ಬಿಸಿಲಿಗೆ ಅರ್ಧ ಲೀಟರ್‌ವರೆಗೂ ಹೋಗಬಹುದು. ಅಂದರೆ 12 ಕೋಳಿಗೆ ದಿನಕ್ಕೆ 3 ಲೀಟರ್ ಹತ್ತಿರ, ಬೇಸಿಗೆಯಲ್ಲಿ 6. ಬಕೆಟ್ಟಿನ ಹೊರಗೆ ಮಾರ್ಕರ್ ಪೆನ್ನಿನಲ್ಲಿ ಲೀಟರಿಗೊಂದು ಗೆರೆ ಎಳೆದಿಟ್ಟರೆ ಸಾಕು, ದಿನಾ ಬೆಳಿಗ್ಗೆ ಕಣ್ಣಿಗೆ ಕಾಣುತ್ತದೆ. ಮೊಟ್ಟೆಯ ಒಳಗಿನ ತಿರುಳಲ್ಲಿ ಮುಕ್ಕಾಲು ಪಾಲು ನೀರೇ. ಒಂದು ದಿನ ಪೂರ್ತಿ ನೀರು ತಪ್ಪಿದರೂ ಮೊಟ್ಟೆ ನಿಂತುಹೋಗಬಹುದು, ಕೆಲವು ಕೋಳಿ ಪುಕ್ಕ ಉದುರಿಸಲಿಕ್ಕೂ ಶುರು ಮಾಡುತ್ತವೆ. ಮತ್ತೆ ಮೊದಲಿನಂತಾಗಲು ವಾರಗಳೇ ಬೇಕು.

ನಿಪ್ಪಲ್‌ನಿಂದ ನೀರು ಬರುತ್ತಿಲ್ಲ

ನಿಪ್ಪಲ್ ಅಂದರೆ ಕೋಳಿ ಕೊಕ್ಕಿನಿಂದ ಪಿನ್ ಕುಟ್ಟಿದಾಗ ನೀರು ಹನಿಸುವ ಪುಟ್ಟ ನಳಿಕೆ. ಈಗ ಎಲ್ಲರ ಮನೆಯಲ್ಲೂ ಬಕೆಟ್ಟಿಗೋ ಪಿವಿಸಿ ಪೈಪಿಗೋ ಹಾಕಿದ ನಿಪ್ಪಲ್ಲೇ ಜಾಸ್ತಿ. ದೂರುಗಳೂ ಅದರ ಮೇಲೇ ಜಾಸ್ತಿ.

ಬೆರಳಿನಿಂದ ಪಿನ್ ಒತ್ತಿ. ಬೆರಳ ತುದಿಗೆ ಒಂದು ಹನಿ ಅಂಟಿ, ಅದರ ಹಿಂದೆಯೇ ಇನ್ನೊಂದು ಹನಿ ಬರಬೇಕು. ಒಂದೇ ಹನಿ ಬಂದು ನಿಂತರೆ ಮೇಲೆ ಎಲ್ಲೋ ತಡೆ ಇದೆ. ಪಿನ್ ಅಲುಗಾಡದೆ ಬಿಗಿಯಾಗಿದ್ದರೆ ಒಳಗೆ ಮರಳೋ ತುಕ್ಕೋ ಕೂತಿದೆ. ಪಿನ್ ಸಲೀಸಾಗಿ ಆಡುತ್ತಿದೆ, ನೀರು ಮಾತ್ರ ಇಲ್ಲ ಅಂದರೆ ಪೈಪಿನಲ್ಲಿ ಗಾಳಿ ತುಂಬಿರಬಹುದು.

ಮೊದಲು ಬಕೆಟ್ಟಿನ ಮುಚ್ಚಳ ತೆಗೆದು ನೋಡಿ. ತೆಗೆದ ಕೂಡಲೇ ನಿಪ್ಪಲ್‌ನಲ್ಲಿ ನೀರು ಬಂತಾ? ಹಾಗಾದರೆ ಕಾಯಿಲೆ ಸಿಕ್ಕಿತು. ಪೇಂಟ್ ಬಕೆಟ್ಟಿನ ಮುಚ್ಚಳ ಗಾಳಿಯಾಡದಂತೆ ಕೂರುತ್ತದೆ. ನೀರು ಇಳಿದಂತೆ ಮೇಲೆ ಗಾಳಿ ಬರಬೇಕು, ಬರದಿದ್ದರೆ ನೀರು ನಿಲ್ಲುತ್ತದೆ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಗುಳುಗುಳು ಅಂದು ನಿಂತುಬಿಡುತ್ತದಲ್ಲ, ಅದೇ ಕಥೆ. ಮುಚ್ಚಳದ ಅಂಚಿನ ಕೆಳಗೆ, ಬಕೆಟ್ಟಿನ ಪಕ್ಕಕ್ಕೆ ಒಂದು ಮೊಳೆಯಷ್ಟು ತೂತು ಹಾಕಿ. ಮುಚ್ಚಳದ ಮೇಲೆಯೇ ಹಾಕಿದರೆ ಮೇಲೆ ಕೂತ ಕೋಳಿಯ ಹಿಕ್ಕೆ ಒಳಗೆ ಇಳಿಯುತ್ತದೆ. ಕೋಳಿ ಮೇಲೆ ಕೂರದೇ ಇರುತ್ತದೆ ಎಂದು ನಂಬಬೇಡಿ.

ಮುಚ್ಚಳದ್ದಲ್ಲ ಅಂದರೆ ಗಾಳಿ. ಪೈಪ್ ನಡುವೆ ಎಲ್ಲಾದರೂ ಗೂನಿನಂತೆ ಮೇಲೆದ್ದಿದ್ದರೆ ಗಾಳಿ ಅಲ್ಲೇ ಸೇರಿ ನೀರನ್ನು ತಡೆಯುತ್ತದೆ. ಪೈಪನ್ನು ಒಂದೇ ಸಮ ಇಳಿಜಾರಿಗೆ ತನ್ನಿ. ಕೊನೆಯ ಮುಚ್ಚಳ ತೆಗೆದು, ನೀರು ಬಿರುಸಾಗಿ ಹರಿಯುವವರೆಗೆ ಬಿಡಿ. ಕೊನೆಯಲ್ಲಿ ಎಂಡ್ ಕ್ಯಾಪ್ ಅಂಟಿಸಿಯೇ ಬಿಟ್ಟವರು ಅದನ್ನು ಕೊಯ್ದು ಒಂದು ವಾಲ್ವ್ ಹಾಕಿಕೊಳ್ಳುವುದು ಒಳ್ಳೆಯದು. ಪೈಪ್ ತೊಳೆಯಲಿಕ್ಕೂ ಅದೇ ದಾರಿ.

ನೀರು ಬರುತ್ತಿದೆ, ಆದರೆ ಸಾಕಷ್ಟು ಬರುತ್ತಿದೆಯೇ? ಪಿನ್ ಒತ್ತಿ ಹಿಡಿದು ಒಂದು ನಿಮಿಷ ಲೋಟದಲ್ಲಿ ಹಿಡಿಯಿರಿ. ದೊಡ್ಡ ಕೋಳಿಗೆ 60ರಿಂದ 100 ಮಿ.ಲೀ. ಬಂದರೆ ಒಳ್ಳೆಯದು. ಅರ್ಧಕ್ಕಿಂತ ಕಡಿಮೆ ಬಂದರೆ ಕೋಳಿ ಕಾದು ಕಾದು ಬೇಸತ್ತು ಹೋಗುತ್ತದೆ, ಗುಂಪಿನಲ್ಲಿ ಬಡಪಾಯಿ ಕೋಳಿಗೆ ಸರದಿಯೇ ಸಿಗುವುದಿಲ್ಲ. ನಾಲ್ಕೈದು ಕೋಳಿಗೆ ಒಂದು ನಿಪ್ಪಲ್ ಇರಲಿ. ಎರಡೇ ಕೋಳಿ ಇದ್ದರೂ ನಿಪ್ಪಲ್ ಎರಡಿರಲಿ, ಒಂದು ಕಟ್ಟಿಕೊಂಡರೆ ಇನ್ನೊಂದು ಕಾಯುತ್ತದೆ.

ಅಬ್ಬಿ ನೀರು ನೇರ ಕೊಟ್ಟರೆ

ಇದು ನಮ್ಮ ಕಡೆಯದೇ ಸಮಸ್ಯೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಿಂದೆ ಅಡಿಕೆ ದಬ್ಬೆಯಲ್ಲಿ ಹರಿದು ಬರುತ್ತಿದ್ದ ಅಬ್ಬಿ ನೀರು ಈಗ ಕಪ್ಪು ಪೈಪಿನಲ್ಲಿ ಬರುತ್ತದೆ. ದಬ್ಬೆಯ ನೀರಿಗೆ ಒತ್ತಡ ಇರಲಿಲ್ಲ. ಪೈಪಿನ ನೀರಿಗೆ ಇದೆ. 10 ಮೀಟರ್ ಎತ್ತರದ ಇಳಿತಕ್ಕೆ ಒಂದು ಕೆ.ಜಿ. ಪ್ರೆಷರ್ (ಚದರ ಸೆಂಟಿಮೀಟರಿಗೆ). ಗುಡ್ಡದ ಒರತೆ ಮನೆಗಿಂತ 20 ಮೀಟರ್ ಮೇಲಿದ್ದರೆ ಎರಡು ಕೆ.ಜಿ. ಆದರೆ ನಿಪ್ಪಲ್ ಮಾಡಿರುವುದು ಬಕೆಟ್ ಒಂದೆರಡು ಅಡಿ ಮೇಲಿದ್ದಾಗ ಬರುವ ಒತ್ತಡಕ್ಕೆ.

ಜಾಸ್ತಿ ಒತ್ತಡದಲ್ಲಿ ಎರಡು ಆಗುತ್ತದೆ. ಕೆಲವು ನಿಪ್ಪಲ್ ಪಿಚಕಾರಿಯಾಗುತ್ತವೆ, ಗೂಡಿನ ನೆಲಕ್ಕೆ ಹಾಸಿದ ಹೊಟ್ಟು ಪೂರ್ತಿ ಒದ್ದೆ. ಕೆಲವು ಒಳಗಿಂದ ಬಿಗಿಯಾಗಿ ಕೂತು, ಕೋಳಿ ಎಷ್ಟು ಕುಟ್ಟಿದರೂ ಪಿನ್ ಅಲುಗುವುದಿಲ್ಲ. ಎರಡನೆಯದು ಹೆಚ್ಚು ಅಪಾಯ, ಏಕೆಂದರೆ ಹೊರಗಿನಿಂದ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಸೋರಿಕೆ ಇಲ್ಲ, ಪೈಪ್ ತುಂಬಿದೆ, ಕೋಳಿ ಮಾತ್ರ ಬಾಯಾರಿ ನಿಂತಿದೆ.

ಗೇಟ್ ವಾಲ್ವ್ ಸ್ವಲ್ಪ ತಿರುಗಿಸಿ ಒತ್ತಡ ಕಡಿಮೆ ಮಾಡುತ್ತೇನೆ ಅನ್ನುವವರಿದ್ದಾರೆ. ಅದು ಆಗದ ಕೆಲಸ. ವಾಲ್ವ್ ಕಡಿಮೆ ಮಾಡುವುದು ಹರಿವನ್ನು. ನಿಪ್ಪಲ್ ಎಲ್ಲ ಮುಚ್ಚಿ ನೀರು ನಿಂತ ಕ್ಷಣ ಪೂರ್ತಿ ಒತ್ತಡ ಮತ್ತೆ ಪೈಪಿಗೆ ಬರುತ್ತದೆ. ಸರಿಯಾದ ಉಪಾಯ ಅಂದರೆ ನಡುವೆ ಒಂದು ಬಕೆಟ್. ಅಬ್ಬಿ ಪೈಪಿನ ತುದಿಗೆ, ನೀರು ತುಂಬಿದಾಗ ತಾನೇ ಮುಚ್ಚಿಕೊಳ್ಳುವ ಫ್ಲೋಟ್ ವಾಲ್ವ್ ಹಾಕಿ, ಅದನ್ನು 20 ಲೀಟರ್ ಬಕೆಟ್ಟಿನ ಒಳಗೆ ಕೂರಿಸಿ. ಬಕೆಟ್ ನಿಪ್ಪಲ್‌ಗಿಂತ ಒಂದೂವರೆ ಅಡಿ ಮೇಲಿರಲಿ. ಈಗ ಗುಡ್ಡ ಎಷ್ಟು ಎತ್ತರ ಇದ್ದರೂ ನಿಪ್ಪಲ್‌ಗೆ ಗೊತ್ತಾಗುವುದು ಆ ಒಂದೂವರೆ ಅಡಿ ಮಾತ್ರ. ಫ್ಲೋಟ್ ವಾಲ್ವ್ ಕೊಳ್ಳುವಾಗ ಸ್ವಲ್ಪ ಗಟ್ಟಿಯದ್ದು ಕೊಳ್ಳಿ. ಅಗ್ಗದ್ದು ಗುಡ್ಡದ ಒತ್ತಡ ತಡೆಯದೆ ರಾತ್ರಿಯಿಡೀ ತುಂಬಿ ಹರಿಯುತ್ತದೆ.

ಮಳೆಗಾಲದಲ್ಲಿ ಇದೇ ಬಕೆಟ್ ಇನ್ನೊಂದು ಕೆಲಸ ಮಾಡುತ್ತದೆ. ಅಬ್ಬಿಯಲ್ಲಿ ಬರುವ ಮಣ್ಣು ಅದರ ತಳಕ್ಕೆ ಕೂರುತ್ತದೆ. ನಿಪ್ಪಲ್‌ಗೆ ಹೋಗುವ ಪೈಪನ್ನು ತಳದಿಂದಲ್ಲ, ನಾಲ್ಕು ಬೆರಳು ಮೇಲಿಂದ ತೆಗೆಯಿರಿ. ತೋಟದ ಡ್ರಿಪ್‌ಗೆ ಹಾಕುವ 120 ಮೆಶ್ ಜಾಲರಿ ಫಿಲ್ಟರ್ ಹಳೆಯದೊಂದು ಮನೆಯಲ್ಲಿ ಬಿದ್ದಿದ್ದರೆ ಬಕೆಟ್ಟಿನ ಮೊದಲು ಅದನ್ನೂ ಕೂರಿಸಿ. ಜುಲೈನಲ್ಲಿ ಎರಡು ದಿನಕ್ಕೊಮ್ಮೆ ತೊಳೆಯಬೇಕಾಗುತ್ತದೆ. ಆ ಜಾಲರಿಯಲ್ಲಿ ಸಿಗುವ ಗೊದಮೊಟ್ಟೆ, ಎಲೆ ಚೂರು, ಕೆಂಪು ಗಸಿ ನೋಡಿದರೆ ಇಷ್ಟೆಲ್ಲ ನಿಪ್ಪಲ್‌ಗೆ ಹೋಗುತ್ತಿತ್ತಲ್ಲ ಅನ್ನಿಸುತ್ತದೆ.

ನಿಪ್ಪಲ್ ತೊಟ್ಟಿಕ್ಕುತ್ತಿದೆಯೋ, ಕೋಳಿ ಚೆಲ್ಲುತ್ತಿದೆಯೋ?

ಗೂಡಿನ ಕೆಳಗೆ ಒದ್ದೆ ಕಂಡರೆ ಎಲ್ಲರೂ ನಿಪ್ಪಲ್ ಬದಲಿಸುತ್ತಾರೆ. ತಡೆಯಿರಿ. ಕೋಳಿ ಕತ್ತಲಲ್ಲಿ ನೀರು ಕುಡಿಯುವುದಿಲ್ಲ. ಸಂಜೆ ಕೋಳಿ ಹತ್ತಿ ಕೂತ ಮೇಲೆ ಪ್ರತಿ ನಿಪ್ಪಲ್‌ನ ಕೆಳಗೆ ಒಂದೊಂದು ತೆಂಗಿನ ಚಿಪ್ಪು ಇಡಿ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ನೋಡಿ. ಚಿಪ್ಪಿನಲ್ಲಿ ನೀರಿದ್ದರೆ ನಿಪ್ಪಲ್ ಸೋರುತ್ತಿದೆ. ಚಿಪ್ಪು ಒಣಗಿದ್ದು, ಸಂಜೆಯ ಹೊತ್ತಿಗೆ ನೆಲ ಒದ್ದೆಯಾಗುತ್ತಿದ್ದರೆ ಚೆಲ್ಲುವುದು ಕೋಳಿ.

ಸೋರುವುದಾದರೆ ಕಾರಣ ಮೂರ್ನಾಲ್ಕೇ. ಒಳಗಿನ ಸೀಟಿನಲ್ಲಿ ಮರಳಿನ ಕಣ ಕೂತಿದೆ, ಬಿಚ್ಚಿ ತೊಳೆದರೆ ಸರಿಹೋಗುತ್ತದೆ. ತೂತು ದೊಡ್ಡದಾಗಿದೆ. ನಿಪ್ಪಲ್ ಜೊತೆ ಹೇಳಿದ ಅಳತೆಯ ಡ್ರಿಲ್ ಬಿಟ್ ಬಿಟ್ಟು ಕೈಗೆ ಸಿಕ್ಕಿದ್ದರಲ್ಲಿ ಕೊರೆದರೆ ಟೆಫ್ಲಾನ್ ಟೇಪ್ ಎಷ್ಟು ಸುತ್ತಿದರೂ ಜಿನುಗುವುದು ನಿಲ್ಲುವುದಿಲ್ಲ. ಕೆಳಮುಖದ ನಿಪ್ಪಲ್ ಹಾಕಿದ ಪೈಪ್ ತಿರುಚಿಕೊಂಡು ಪಿನ್ ವಾಲಿದ್ದರೂ ತೊಟ್ಟಿಕ್ಕುತ್ತದೆ, ಅದು ನೆಟ್ಟಗೆ ನೆಲ ನೋಡುತ್ತಿರಬೇಕು.

ಚೆಲ್ಲುವುದಾದರೆ ಎತ್ತರ ತಪ್ಪಿದೆ. ಕೆಳಮುಖದ ನಿಪ್ಪಲ್‌ಗೆ ಕೋಳಿ ಕತ್ತು ಚಾಚಿ ಮೇಲೆ ನೋಡಬೇಕು, ಪಾದ ಮಾತ್ರ ಪೂರ್ತಿ ನೆಲದ ಮೇಲಿರಬೇಕು. ಕೆಳಗಿದ್ದರೆ ಅಡ್ಡಕ್ಕೆ ಕುಟ್ಟುತ್ತದೆ, ಅರ್ಧ ನೀರು ನೆಲಕ್ಕೆ. ಮರಿ ಬೆಳೆದಂತೆ ಎತ್ತರಿಸುತ್ತಾ ಹೋಗಬೇಕು. ಹೊಟ್ಟು, ದರಗು (ಒಣ ಎಲೆ) ಮೇಲೆ ಮೇಲೆ ಹಾಕಿ ನೆಲವೇ ಎತ್ತರವಾಗಿರುವುದನ್ನು ಮರೆಯುವವರು ಬಹಳ.

ಒದ್ದೆಯನ್ನು ಇಷ್ಟೊಂದು ಹಚ್ಚಿಕೊಳ್ಳಲು ಕಾರಣವಿದೆ. ಒದ್ದೆ ಹೊಟ್ಟಿನ ಬೆಚ್ಚಗಿನ ತೇವದಲ್ಲಿ ರಕ್ತಭೇದಿ ತರುವ ಕಾಕ್ಸಿಡಿಯಾ ಒಂದೆರಡು ದಿನದಲ್ಲೇ ಸೋಂಕು ತಗುಲಿಸುವ ಹಂತಕ್ಕೆ ಬರುತ್ತದೆ. ಮಲೆನಾಡ ಮಳೆಗಾಲದಲ್ಲಿ ಗೂಡು ಒಣಗಿಸುವುದೇ ಕಷ್ಟ, ಅದಕ್ಕೆ ಡ್ರಿಂಕರಿನ ನೀರೂ ಸೇರಿದರೆ ಮರಿಗಳ ಕಥೆ ಮುಗಿದಂತೆಯೇ. ಒಂದು ಹಿಡಿ ಹೊಟ್ಟು ಎತ್ತಿ ಹಿಂಡಿ, ಕೈ ಬಿಚ್ಚಿ. ಉಂಡೆ ಹಾಗೇ ನಿಂತರೆ ಜಾಸ್ತಿ ಒದ್ದೆ, ತೆಗೆದು ಬದಲಿಸಿ. ಉದುರಿದರೆ ಪರವಾಗಿಲ್ಲ.

ಜಾರ್ ಡ್ರಿಂಕರ್ ತುಂಬಿ ಹರಿಯುತ್ತದೆ, ಇಲ್ಲವೇ ಒಣಗುತ್ತದೆ

ಬೋರಲು ಹಾಕಿದ ಪ್ಲಾಸ್ಟಿಕ್ ಜಾರ್, ಕೆಳಗೆ ತಟ್ಟೆ. ಜಾರ್‌ನ ತೂತಿನ ಮಟ್ಟಕ್ಕೆ ತಟ್ಟೆಯ ನೀರು ಬಂದಾಗ ಒಳಗೆ ಗಾಳಿ ಹೋಗುವುದು ನಿಲ್ಲುತ್ತದೆ, ನೀರೂ ನಿಲ್ಲುತ್ತದೆ. ಇಷ್ಟೇ ತಂತ್ರ. ಹಾಗಾಗಿ ದೋಷವೂ ಎರಡೇ. ಜಾರ್‌ನ ಮೇಲ್ಭಾಗದಲ್ಲಿ ಕೂದಲೆಳೆ ಬಿರುಕು ಬಿಟ್ಟಿದ್ದರೂ ಗಾಳಿ ಒಳಗೆ ಹೋಗಿ ನೀರೆಲ್ಲ ತಟ್ಟೆಯಿಂದ ಉಕ್ಕುತ್ತದೆ. ನೆಲ ವಾಲಿದ್ದರೆ ತಗ್ಗಿನ ಕಡೆಯಿಂದ ಹರಿಯುತ್ತದೆ. ಬಿರುಕು ಹುಡುಕಲು ಜಾರನ್ನು ಪೂರ್ತಿ ತುಂಬಿ, ಬಾಯಿ ಮೇಲೆ ಮಾಡಿ ಒಣ ಕಲ್ಲಿನ ಮೇಲೆ ಇಡಿ, ಎಲ್ಲಿ ಬೆವರುತ್ತದೆ ನೋಡಿ. ತಟ್ಟೆ ಒಣಗಿ ಜಾರ್ ತುಂಬಿದ್ದರೆ ತೂತಿಗೆ ಹೊಟ್ಟು ಕಟ್ಟಿದೆ. ಇಟ್ಟಿಗೆಯ ಮೇಲೆ, ಕೋಳಿಯ ಬೆನ್ನಿನ ಮಟ್ಟಕ್ಕೆ ಎತ್ತರಿಸಿಟ್ಟರೆ ಕೆದರಿದ ಕಸ ಬೀಳುವುದು ಕಡಿಮೆ.

ಮೇಲಿಂದ ತೂಗುಬಿಡುವ, ಗಂಟೆಯಾಕಾರದ ಬೆಲ್ ಡ್ರಿಂಕರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಬೆಲ್ ಸುಮಾರು 80–100 ಕೋಳಿಗೆ ಸಾಕಾಗುತ್ತದೆ. ಹಿತ್ತಲಿಗೆ ಅದು ಬೇಡ.

ನೀರಿದೆ, ಕೋಳಿಗೆ ಬೇಡ

ಬೋಗುಣಿಯಲ್ಲಿ ಕುಡಿದು ಡ್ರಿಂಕರಿನಲ್ಲಿ ಕುಡಿಯದಿದ್ದರೆ, ಯಂತ್ರ ಸರಿಯಿದ್ದರೆ, ನೀರನ್ನೇ ನೋಡಬೇಕು. ಡ್ರಿಂಕರಿನ ನೀರನ್ನು ಅಂಗೈಯಲ್ಲಿ ಹಿಡಿಯಿರಿ. ಬೆಚ್ಚಗಿದೆಯೇ? ಮಾರ್ಚ್‌ನಿಂದ ಮೇವರೆಗೆ ಬಿಸಿಲಿಗೆ ಬಿದ್ದ ಕಪ್ಪು ಪೈಪಿನ ನೀರು ಮಧ್ಯಾಹ್ನ ಸುಡುತ್ತದೆ. ಬಿಸಿ ನೀರನ್ನು ಕೋಳಿ ಮುಟ್ಟುವುದಿಲ್ಲ, ಅದಕ್ಕೆ ನೀರು ಹೆಚ್ಚು ಬೇಕಾದದ್ದೂ ಅದೇ ಹೊತ್ತಿಗೆ. ಪೈಪನ್ನು ಒಂದಡಿ ಮಣ್ಣಿನಲ್ಲಿ ಹೂಳಿ, ಆಗದಿದ್ದರೆ ಅಡಿಕೆ ಹಾಳೆ ಮುಚ್ಚಿ. ಮಧ್ಯಾಹ್ನ ಒಮ್ಮೆ ಪೈಪ್ ಖಾಲಿ ಮಾಡಿ ಹೊಸ ನೀರು ಬಿಡಿ.

ಮೂಸಿ ನೋಡಿ. ಬಕೆಟ್ಟಿನ ಒಳಗೋಡೆಗೆ ಬೆರಳು ಉಜ್ಜಿ. ಜಾರಿದರೆ ಲೋಳೆ ಕಟ್ಟಿದೆ. ಬೆಲ್ಲದ ನೀರು, ವಿಟಮಿನ್ ಕೊಟ್ಟ ಮೇಲೆ ತೊಳೆಯದೆ ಬಿಟ್ಟರೆ ಈ ಲೋಳೆ ಬೇಗ ಬೆಳೆಯುತ್ತದೆ. ಅಂಥದ್ದನ್ನೆಲ್ಲ ಬೇರೆ ಜಾರ್‌ನಲ್ಲಿ ಕೊಡಿ, ನಿಪ್ಪಲ್ ಲೈನಿಗೆ ಹಾಕಬೇಡಿ. ಹಸಿರು ಪಾಚಿಯಾದರೆ ಬಕೆಟ್ಟಿಗೆ ಬೆಳಕು ಬೀಳುತ್ತಿದೆ ಎಂದರ್ಥ. ಪಾರದರ್ಶಕ ಕ್ಯಾನ್ ಬಿಟ್ಟು ಗಾಢ ಬಣ್ಣದ ಬಕೆಟ್ ತನ್ನಿ.

ಬೋರ್ ನೀರು ಎತ್ತಿದಾಗ ತಿಳಿಯಾಗಿದ್ದು, ಬೆಳಗಾಗುವಷ್ಟರಲ್ಲಿ ಕೆಂಪು ಗಸಿ ಕೂತರೆ ಅದು ಕಬ್ಬಿಣ. ಜಂಬಿಟ್ಟಿಗೆ ಮಣ್ಣಿನ ಊರುಗಳಲ್ಲಿ ಇದು ಸಾಮಾನ್ಯ. ಇದರಲ್ಲಿ ಕೋಳಿಗಿಂತ ನಿಪ್ಪಲ್ ಬೇಗ ಹಾಳಾಗುತ್ತದೆ. ನೀರನ್ನು ಎತ್ತರದಿಂದ ಡ್ರಮ್ಮಿಗೆ ಧಾರೆಯಾಗಿ ಬೀಳಿಸಿ, ಗಾಳಿ ತಗಲಿ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂರುತ್ತದೆ. ರಾತ್ರಿ ಬಿಟ್ಟು ಬೆಳಿಗ್ಗೆ ಮೇಲಿನ ನೀರು ಬಳಸಿ. ಕೆಂಪು ಕಟ್ಟಿದ ನಿಪ್ಪಲ್‌ಗಳನ್ನು ವಿನೆಗರ್ ಅಥವಾ ಲಿಂಬೆರಸದ ನೀರಿನಲ್ಲಿ ಕೆಲವು ಗಂಟೆ ನೆನೆಸಿ, ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ.

ಲೋಳೆಗೆ ಬ್ಲೀಚಿಂಗ್ ಪೌಡರ್. ಕೋಳಿಯನ್ನು ಹೊರಗೆ ಬಿಟ್ಟ ಹೊತ್ತಿನಲ್ಲಿ 10 ಲೀಟರ್ ನೀರಿಗೆ ಒಂದು ಚಹಾ ಚಮಚ ಕಲಸಿ, ಸುಣ್ಣದ ಗಸಿ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಲೈನಿಗೆ ಬಿಡಿ. ಗಸಿ ಹೋದರೆ ನಿಪ್ಪಲ್ ಮತ್ತೆ ಕಟ್ಟುತ್ತದೆ. ಅರ್ಧ ಗಂಟೆ ಬಿಟ್ಟು, ವಾಸನೆ ಹೋಗುವವರೆಗೆ ನೀರು ಹರಿಸಿ. ದಿನದ ನೀರಿಗಾದರೆ 1000 ಲೀಟರ್ ಟ್ಯಾಂಕಿಗೆ 5 ಗ್ರಾಂ ಹೊಸ ಪುಡಿ ಸಾಕು. ಮಳೆಗಾಲದಲ್ಲಿ ತೇವ ಹಿಡಿದು ಗಂಟು ಕಟ್ಟಿದ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಬ್ಲೀಚಿಂಗ್ ಮತ್ತು ವಿನೆಗರ್ ಯಾವ ಕಾರಣಕ್ಕೂ ಒಟ್ಟಿಗೆ ಸೇರಬಾರದು, ವಿಷದ ಗಾಳಿ ಬರುತ್ತದೆ. ಒಂದು ದಿನ ಒಂದು, ಇನ್ನೊಂದು ದಿನ ಇನ್ನೊಂದು.

ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್‌ಗೆ, ಲಸೋಟ ಲಸಿಕೆಯನ್ನು ನೀರಿನಲ್ಲಿ ಕೊಡುವುದಿದ್ದರೆ ಹಿಂದಿನ ದಿನದಿಂದ ಮರುದಿನದವರೆಗೂ ಬ್ಲೀಚಿಂಗ್ ನಿಲ್ಲಿಸಿ. ಜೀವಂತ ಲಸಿಕೆ ಕ್ಲೋರಿನ್‌ಗೆ ಸಾಯುತ್ತದೆ. ಲಸಿಕೆ ಹಾಕಿದೆವು, ಆದರೂ ಕೋಳಿ ಸತ್ತವು ಅನ್ನುವವರು ಇದನ್ನೂ ಒಮ್ಮೆ ವಿಚಾರಿಸಿಕೊಳ್ಳಬೇಕು.

ಇನ್ನೊಂದನ್ನು ಗಟ್ಟಿಯಾಗಿ ಹೇಳುತ್ತೇನೆ. ಬೋರ್ಡೋ, ಅಂದರೆ ಮೈಲುತುತ್ತು-ಸುಣ್ಣದ ದ್ರಾವಣ, ಕಲಸಿದ ಡ್ರಮ್ ಎಷ್ಟೇ ತೊಳೆದರೂ ಕೋಳಿ ನೀರಿಗೆ ಬೇಡ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ನೀಲಿ ಕಲೆಯ ಡ್ರಮ್ಮುಗಳು ಮನೆ ಸುತ್ತ ಬಿದ್ದಿರುತ್ತವೆ, ಅದರಲ್ಲಿ ನಿಂತ ಮಳೆನೀರಿನಲ್ಲಿ ಮೈಲುತುತ್ತು ಇರುತ್ತದೆ. ಡ್ರಮ್ ಬೋರಲು ಹಾಕಿಡಿ. ತೋಟದ ಪಕ್ಕದ ಮಾಡಿನಿಂದ ಹಿಡಿದ ನೀರನ್ನೂ ಔಷಧಿ ಹೊಡೆದ ದಿನಗಳಲ್ಲಿ ಕೊಡಬೇಡಿ.

ಹೊಸದಾಗಿ ಹಾಕುವವರಿಗೆ

ನನ್ನನ್ನು ಕೇಳಿದರೆ, ಹತ್ತಿಪ್ಪತ್ತು ಕೋಳಿಗೆ ಗಾಢ ಬಣ್ಣದ 20 ಲೀಟರ್ ಬಕೆಟ್, ಅದರ ಪಕ್ಕಕ್ಕೆ ನಾಲ್ಕು ಅಡ್ಡ ನಿಪ್ಪಲ್, ಸೂರಿನ ಕೆಳಗೆ ನೆರಳಿನಲ್ಲಿ. ಅಡ್ಡ ನಿಪ್ಪಲ್ ಸೋರುವುದು ಕಡಿಮೆ, ಬಕೆಟ್ ನೆಲಕ್ಕೆ ಹತ್ತಿರ ಇದ್ದರೂ ನಡೆಯುತ್ತದೆ. ಪೈಪ್ ಲೈನ್ ಎಳೆಯುವುದು ಕೋಳಿ ಮೂವತ್ತು ದಾಟಿದ ಮೇಲೆ. ನೀರಿನಲ್ಲಿ ಕಬ್ಬಿಣ ಬಹಳ ಇದ್ದರೆ ನಿಪ್ಪಲ್ ಬಿಟ್ಟು ಜಾರ್ ಹಿಡಿಯಿರಿ, ದಿನಾ ತೊಳೆಯುವ ಕೈಯಿರಬೇಕು ಅಷ್ಟೇ.

ನಮ್ಮ ದೊಡ್ಡಮ್ಮ ಈಗಲೂ, "ಕಲ್ಮರಿಗೆ ಇರೋವಾಗ ಇದೆಲ್ಲ ಯಾಕೋ ನಿಂಗೆ?" ಅನ್ನುತ್ತಾರೆ. ಕಲ್ಮರಿಗೆ ಅಂದರೆ ಕಲ್ಲಿನ ತೊಟ್ಟಿ. ಬಿಟ್ಟು ಸಾಕುವ ನಾಲ್ಕು ಕೋಳಿಗೆ ಅದು ಸಾಕು, ಅವರ ಮಾತು ಸುಳ್ಳಲ್ಲ. ದಿನಾ ಬೆಳಿಗ್ಗೆ ತೆಂಗಿನ ನಾರಿನಲ್ಲಿ ತಿಕ್ಕಿ ನೀರು ಬದಲಿಸುತ್ತಾರೆ ಅವರು. ಅಷ್ಟು ಮಾಡುವವರಿಗೆ ಯಾವ ಡ್ರಿಂಕರೂ ಬೇಕಿಲ್ಲ. ಮರಿಗಳಿಗೆ ಮಾತ್ರ ತೆರೆದ ಪಾತ್ರೆಯಾದರೆ ಆಳವಿಲ್ಲದ ತಟ್ಟೆ, ಅದರೊಳಗೆ ಬೆಣಚುಕಲ್ಲು ಹಾಕಿಡಬೇಕು, ಇಲ್ಲದಿದ್ದರೆ ಬಿದ್ದು ಸಾಯುತ್ತವೆ.

ಬೋಗುಣಿಗೆ ಒಗ್ಗಿದ ಕೋಳಿಗೆ ನಿಪ್ಪಲ್ ಅಂದರೇನು ಗೊತ್ತಿರುವುದಿಲ್ಲ. ಮೊದಲ ದಿನವೇ ಬೋಗುಣಿ ಎತ್ತಿಡಬೇಡಿ. ಬೆರಳಿನಿಂದ ಪಿನ್ ಒತ್ತಿ ಹನಿ ತೋರಿಸಿ. ಒಂದು ಕೋಳಿ ಕಲಿತರೆ ಉಳಿದವು ನೋಡಿ ಕಲಿಯುತ್ತವೆ. ಎಲ್ಲವೂ ಕುಡಿಯುವುದನ್ನು ಕಣ್ಣಾರೆ ಕಂಡ ಮೇಲೆ ಬೋಗುಣಿ ತೆಗೆಯಿರಿ.

ಇಷ್ಟಾದ ಮೇಲೂ ಕುಡಿಯದಿದ್ದರೆ

ತಣ್ಣನೆಯ ಒಳ್ಳೆ ನೀರು ಬೋಗುಣಿಯಲ್ಲಿದ್ದೂ ಕೋಳಿ ಮುಟ್ಟದಿದ್ದರೆ ಡ್ರಿಂಕರ್ ಬಿಚ್ಚುವುದನ್ನು ನಿಲ್ಲಿಸಿ. ಹಸಿರು ಅಥವಾ ರಕ್ತದ ಹಿಕ್ಕೆ, ಕತ್ತು ತಿರುಚುವುದು, ಬಾಯಿ ತೆರೆದು ಉಸಿರಾಡುವುದು ಕಂಡರೆ ಅದನ್ನು ಬೇರೆ ಮಾಡಿ, ಪಶು ಆಸ್ಪತ್ರೆಗೆ ತಿಳಿಸಿ. ಹೋಗುವಾಗ ಬಕೆಟ್ಟಿನ ಗೆರೆಯ ಲೆಕ್ಕ ತೆಗೆದುಕೊಂಡು ಹೋಗಿ. ಯಾವ ದಿನದಿಂದ ನೀರು ಕಡಿಮೆಯಾಯಿತು ಅನ್ನುವುದು ಡಾಕ್ಟರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಕೋಳಿ ಸತ್ತೇ ಹೋದರೆ ಬರಿಗೈಯಲ್ಲಿ ಮುಟ್ಟಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಐಸ್ ಹಾಕಿದ ಡಬ್ಬಿಯಲ್ಲಿಟ್ಟು ಆದಷ್ಟು ಬೇಗ ಪರೀಕ್ಷೆಗೆ ಮುಟ್ಟಿಸಿ. ಫ್ರೀಜರಿನಲ್ಲಿ ಮಾತ್ರ ಇಡಬೇಡಿ, ಹೆಪ್ಪುಗಟ್ಟಿದ ಕೋಳಿಯ ಒಳಗೆ ಏನಾಗಿತ್ತು ಎಂದು ಹೇಳುವುದು ಕಷ್ಟ.